ಹಿಮ ಮೊದಲು ಕರಗುವ ಮಗ್ಗುಲು

ಇಟಲಿಯ ವಾಯವ್ಯ ಮೂಲೆಯಲ್ಲಿ ಪೀಡ್‌ಮಾಂಟ್ ಪ್ರಾಂತ್ಯವಿದೆ. ಅಲ್ಲಿ ಆಲ್ಬಾ ಪಟ್ಟಣದ ಸುತ್ತ, ತಾನಾರೊ ನದಿಯ ಬಲದಂಡೆಗೆ ಏರಿಳಿಯುತ್ತ ಹೋಗುವ ಗುಡ್ಡಗಳ ಹೆಸರು ಲಾಂಗೆ. ಈ ಸೀಮೆಯ ಹಿಂದಿನ ರೈತರು ದ್ರಾಕ್ಷಿ ನೆಡುವ ಜಾಗವನ್ನು ಗೊತ್ತುಮಾಡುತ್ತಿದ್ದ ಬಗೆ ಸರಳ. ಚಳಿಗಾಲದಲ್ಲಿ ಹಿಮ ಬಿದ್ದು ಗುಡ್ಡವೆಲ್ಲ ಬೆಳ್ಳಗಾದ ಮೇಲೆ ಸುಮ್ಮನೆ ಕಾಯುವುದು. ಯಾವ ಮಗ್ಗುಲಿನ ಹಿಮ ಮೊದಲು ಕರಗಿ ಮಣ್ಣು ಕಾಣುತ್ತದೋ ಅಲ್ಲಿಗೆ ನೆಬ್ಬಿಯೋಲೊ ಎಂಬ ದ್ರಾಕ್ಷಿಯ ಬಳ್ಳಿ. ತಡವಾಗಿ ಕರಗುವ ಕಡೆಗೆ ಬೇರೆ ಬೆಳೆ.

ನೆಬ್ಬಿಯೋಲೊದಿಂದ ಮಾಡುವ ಬರೋಲೊ ಎಂಬ ಪ್ರಸಿದ್ಧ ವೈನ್, ಆಲ್ಬಾದ ಬಿಳಿ ಟ್ರಫಲ್, ಜಗತ್ತೆಲ್ಲ ತಿನ್ನುವ ಹೇಝಲ್‌ನಟ್ ಚಾಕೊಲೇಟ್ ಎಲ್ಲವೂ ಈ ಚಿಕ್ಕ ಸೀಮೆಯಿಂದಲೇ ಬಂದವು. ಇಲ್ಲಿ ಯಾವುದು ಎಲ್ಲಿ ಬೆಳೆಯಬೇಕು ಎಂಬುದನ್ನು ತೀರ್ಮಾನಿಸುವುದು ಇಳಿಜಾರು. ಅದನ್ನು ಅರಿತರೆ ಲಾಂಗೆಯ ತೋಟ, ನೆಲಮಾಳಿಗೆ, ಅಡುಗೆಮನೆ ಮೂರೂ ಅರ್ಥವಾಗುತ್ತವೆ.

ಸಮುದ್ರದ ತಳ ಗುಡ್ಡವಾದದ್ದು

ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಪದರಪದರವಾಗಿ ಕುಳಿತ ಕೆಸರು, ಮರಳು, ಚಿಪ್ಪಿನ ಸುಣ್ಣವೇ ಮೇಲೆದ್ದು ಈಗಿನ ಗುಡ್ಡಗಳಾಗಿವೆ. ಉತ್ತಾಗ ಏಳುವ ಹೆಂಟೆಯ ಬಣ್ಣ ಕೆಂಪೂ ಅಲ್ಲ, ಕಪ್ಪೂ ಅಲ್ಲ. ಒದ್ದೆಯಾಗಿದ್ದಾಗ ನೀಲಿ ಬೂದು, ಒಣಗಿದರೆ ಬಹುಮಟ್ಟಿಗೆ ಬಿಳುಪು. ಸುಣ್ಣ ಬೆರೆತ ಈ ಜೇಡಿಗೆ ಮಾರ್ಲ್ ಎನ್ನುತ್ತಾರೆ. ಮಳೆನೀರನ್ನು ಒಳಗೆ ಹಿಡಿದಿಟ್ಟು, ಬೇಸಿಗೆಯಲ್ಲಿ ಬಳ್ಳಿಗೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ಗುಣ ಇದಕ್ಕಿದೆ.

ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ಪಶ್ಚಿಮದ ಲಾ ಮೊರ್ರಾ ಹಳ್ಳಿಯ ಕಡೆ ಮಾರ್ಲ್ ಮೃದುವಾಗಿದೆ, ಅಲ್ಲಿನ ವೈನ್ ಬೇಗ ಹದಕ್ಕೆ ಬಂದು ಪರಿಮಳ ಬಿಡುತ್ತದೆ. ಪೂರ್ವದ ಸೆರ್ರಾಲುಂಗಾ ಕಡೆ ಮರಳುಗಲ್ಲಿನ ಪದರಗಳು ಸೇರಿ ನೆಲ ಗಟ್ಟಿಯಾಗಿದೆ, ಅಲ್ಲಿನ ವೈನ್ ಹತ್ತಾರು ವರ್ಷ ಕಾಯಿಸುತ್ತದೆ. ಎರಡು ಹಳ್ಳಿಗಳ ನಡುವೆ ಇರುವುದು ಕೆಲವೇ ಕಿಲೋಮೀಟರ್.

ಒಂದೇ ಗುಡ್ಡ, ಹಲವು ಪಾಲು

ನೆಬ್ಬಿಯೋಲೊ ವಸಂತದಲ್ಲಿ ಇಲ್ಲಿನ ಉಳಿದ ತಳಿಗಳಿಗಿಂತ ಮೊದಲೇ ಚಿಗುರುತ್ತದೆ, ಆದರೆ ಹಣ್ಣಾಗುವುದು ಎಲ್ಲಕ್ಕಿಂತ ಕೊನೆಗೆ. ವಾಡಿಕೆಯ ಕೊಯ್ಲು ಅಕ್ಟೋಬರ್‌ನಲ್ಲಿ, ಕಣಿವೆಗಳಲ್ಲಿ ಬೆಳಗಿನ ಮಂಜು ತುಂಬುವ ಹೊತ್ತಿಗೆ. ಮಂಜಿಗೆ ಇಟಾಲಿಯನ್ ಭಾಷೆಯಲ್ಲಿ ನೆಬ್ಬಿಯಾ ಎನ್ನುತ್ತಾರೆ. ತಳಿಯ ಹೆಸರು ಅದರಿಂದಲೇ ಬಂತೆಂಬುದು ಅಲ್ಲಿನವರ ನಂಬಿಕೆ. ಇಷ್ಟು ದೀರ್ಘ ಕಾಲ ಬಿಸಿಲು ಬೇಡುವ ಬಳ್ಳಿಗೆ ದಕ್ಷಿಣ, ನೈಋತ್ಯಕ್ಕೆ ಮುಖ ಮಾಡಿದ ಮಗ್ಗುಲೇ ಬೇಕು. ಅಂಥ ಜಾಗಕ್ಕೆ ಆ ಸೀಮೆಯ ಮಾತಿನಲ್ಲಿ ಸೊರಿ ಎನ್ನುತ್ತಾರೆ, ಗುಡ್ಡದ ನೆತ್ತಿಗೆ ಬ್ರಿಕ್ಕೊ. ಎರಡೂ ಪದಗಳು ಇಂದಿಗೂ ಸೀಸೆಗಳ ಚೀಟಿಯ ಮೇಲೆ ಕಾಣುತ್ತವೆ.

ಉಳಿದ ಜಾಗ ಪಾಳು ಬೀಳುವುದಿಲ್ಲ. ಬೇಗ ಹಣ್ಣಾಗುವ ದೊಲ್ಚೆತ್ತೊ ತಂಪಾದ, ಎತ್ತರದ ಕಡೆಗೂ ಹೊಂದಿಕೊಳ್ಳುತ್ತದೆ. ಹುಳಿ ಹೆಚ್ಚಿರುವ ಬಾರ್ಬೆರಾಗೆ ನಡುವಿನ ಪಾಲು. ಇವೆರಡೂ ದಿನನಿತ್ಯದ ಊಟದ ವೈನ್‌ಗಳು. ಇನ್ನೂ ಮೇಲಕ್ಕೆ, ಆಲ್ತಾ ಲಾಂಗಾ ಎಂಬ ತಣ್ಣನೆಯ ದಿಣ್ಣೆಗಳಲ್ಲಿ ಹೇಝಲ್‌ನಟ್ ತೋಪುಗಳು, ಮೇಕೆಗಳು, ರೊಬಿಯೋಲಾ ಎಂಬ ಮೆತ್ತನೆಯ ಚೀಸ್. ಕೆಳಗೆ, ನೆರಳಿನ ತೇವದ ಕಣಿವೆಗಳಲ್ಲಿ ಓಕ್, ಪಾಪ್ಲರ್, ವಿಲೋ ಮರಗಳ ಕಾಡಿನ ತುಂಡುಗಳು. ಟ್ರಫಲ್ ಹುಟ್ಟುವುದು ಅಲ್ಲಿ. ಬಳ್ಳಿ ಸಾಲುಗಳು ಹೆಚ್ಚಾಗಿ ಗುಡ್ಡವನ್ನು ಅಡ್ಡಕ್ಕೆ ಸುತ್ತುತ್ತವೆ, ಮಳೆಗೆ ಮಣ್ಣು ಕೊಚ್ಚಿಹೋಗದಿರಲಿ ಎಂದು. ನೆರೆಯ ರೊಯೆರೊ ಮತ್ತು ಮೊನ್‌ಫೆರಾತೊ ಸೇರಿದಂತೆ ಈ ದ್ರಾಕ್ಷಿ ಸೀಮೆಯ ಭೂದೃಶ್ಯವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಗರು ಪಳಗುವ ಬಗೆ

ಲೋಟಕ್ಕೆ ಸುರಿದ ಬರೋಲೊ ತಿಳಿಗೆಂಪು, ಆಚೆ ಹಿಡಿದ ಬೆರಳು ಕಾಣುವಷ್ಟು ತೆಳು. ಬಾಯಿಗಿಟ್ಟರೆ ಮಾತ್ರ ಅದರ ಬಲ ಗೊತ್ತಾಗುತ್ತದೆ. ಎಳೆ ಅಡಿಕೆ ಜಗಿದಾಗ, ಸರಿಯಾಗಿ ಮಾಗದ ನೇರಳೆ ಹಣ್ಣು ತಿಂದಾಗ ನಾಲಿಗೆ ಒಣಗುತ್ತದಲ್ಲ, ಅದೇ ಒಗರು. ಅದನ್ನು ಕೊಡುವ ವಸ್ತು ಟ್ಯಾನಿನ್. ನೆಬ್ಬಿಯೋಲೊ ಹಣ್ಣಿನ ಸಿಪ್ಪೆಯಲ್ಲಿ, ಬೀಜದಲ್ಲಿ ಅದು ಬಹಳ. ಈ ಒಗರನ್ನು ಪಳಗಿಸುವುದೇ ಇಲ್ಲಿನ ವೈನ್ ತಯಾರಿಕೆಯ ಮುಖ್ಯ ಕೆಲಸ.

ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಒಡೆದು, ಸಿಪ್ಪೆ ಸಮೇತ ತೊಟ್ಟಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯ ಮಾಡುವಾಗ ಅನಿಲ ಏಳುತ್ತದೆ, ಅದು ಸಿಪ್ಪೆಗಳನ್ನೆಲ್ಲ ಮೇಲಕ್ಕೆ ನೂಕಿ ದಪ್ಪ ಟೋಪಿಯಂತೆ ಕೂರಿಸುತ್ತದೆ. ಟೋಪಿ ಒಣಗಿದರೆ ರಸಕ್ಕೆ ಬಣ್ಣವಿಲ್ಲ, ಸತ್ವವಿಲ್ಲ. ಅದಕ್ಕಾಗಿ ಕೆಳಗಿನ ರಸವನ್ನು ಎತ್ತಿ ಮೇಲೆ ಸುರಿಯುತ್ತಾರೆ. ಹಳೆಯ ಪದ್ಧತಿಯವರು ಮರದ ಹಲಗೆಗಳನ್ನು ಅಡ್ಡಲಾಗಿ ಬಿಗಿದು ಸಿಪ್ಪೆಯನ್ನು ವಾರಗಟ್ಟಲೆ ರಸದೊಳಗೇ ಮುಳುಗಿಸಿಡುತ್ತಾರೆ.

ಆಮೇಲೆ ಓಕ್ ಮರದ ಪೀಪಾಯಿಗಳ ಸರದಿ. ಆಳೆತ್ತರ ಮೀರುವ ದೊಡ್ಡ ಪೀಪಾಯಿಗೆ ಬೊತ್ತೆ ಎಂದು ಹೆಸರು. ಮರದ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಅತಿ ನಿಧಾನವಾಗಿ ಒಳಸೇರುತ್ತದೆ. ಟ್ಯಾನಿನ್ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಒಗರಿನ ಚೂಪು ತಗ್ಗುತ್ತದೆ. 1980ರ ದಶಕದಲ್ಲಿ ಕೆಲವು ಯುವ ತಯಾರಕರು 225 ಲೀಟರಿನ ಫ್ರೆಂಚ್ ಚಿಕ್ಕ ಪೀಪಾಯಿ ತಂದು, ಸಿಪ್ಪೆ ನೆನೆಸುವ ಕಾಲವನ್ನು ದಿನಗಳಿಗೆ ಇಳಿಸಿದರು. ಹಳಬರು ಒಪ್ಪಲಿಲ್ಲ. ಜಗಳ ಮನೆಮನೆಗೂ ಮುಟ್ಟಿತು. ಇಂದು ಬಹಳ ಮಂದಿ ಎರಡೂ ಕಡೆಯ ಒಳ್ಳೆಯದನ್ನು ಉಳಿಸಿಕೊಂಡು ಮತ್ತೆ ದೊಡ್ಡ ಪೀಪಾಯಿಗೆ ಮರಳಿದ್ದಾರೆ.

ಸೀಸೆಯ ಚೀಟಿ ಓದುವುದು ಹೇಗೆ

ಬರೋಲೊ ಎಂದು ಬರೆಯಲು 11 ಹಳ್ಳಿಗಳ ಗೊತ್ತಾದ ಇಳಿಜಾರುಗಳಲ್ಲಿ ಬೆಳೆದ ನೆಬ್ಬಿಯೋಲೊ ಮಾತ್ರ ಇರಬೇಕು. ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದೊಳಗೆ. ಲೆಕ್ಕ ಹೀಗೆ: 2020ರಲ್ಲಿ ಕೊಯ್ದದ್ದು ಅಂಗಡಿಗೆ ಬರುವುದು 2024ರ ಜನವರಿಗೆ. ರಿಸೆರ್ವಾ ಎಂದಿದ್ದರೆ 62 ತಿಂಗಳು, ಅಂದರೆ 2026. ನೆರೆಯ ಬಾರ್ಬರೆಸ್ಕೊ ವೈನ್‌ಗೆ 26 ತಿಂಗಳು ಸಾಕು. ಕನ್ನುಬಿಯಂಥ ಹೆಚ್ಚಿನ ಹೆಸರು ಕಂಡರೆ ಅದು ಒಂದು ನಿರ್ದಿಷ್ಟ ಗುಡ್ಡದ ಗುರುತು. ಬರೀ ಲಾಂಗೆ ನೆಬ್ಬಿಯೋಲೊ ಎಂದಿದ್ದರೆ ಅದೇ ತಳಿಯ ಎಳೆಯ, ಕಡಿಮೆ ಬೆಲೆಯ ವೈನ್. ಹೊಸದಾಗಿ ಪರಿಚಯ ಮಾಡಿಕೊಳ್ಳುವವರು ಅಲ್ಲಿಂದ ಶುರುಮಾಡುವುದು ಒಳ್ಳೆಯದು.

ಬಾರ್ಬರೆಸ್ಕೊ ಹಳ್ಳಿಯ ಕತೆಯಲ್ಲಿ ಇನ್ನೊಂದು ಪಾಠವಿದೆ. ಸಣ್ಣ ಹಿಡುವಳಿದಾರರು ಹಣ್ಣನ್ನು ಸಿಕ್ಕ ಬೆಲೆಗೆ ಮಾರಬೇಕಾಗಿದ್ದ ಕಾಲದಲ್ಲಿ, 1958ರಲ್ಲಿ, ಊರಿನ ಪಾದ್ರಿ 19 ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಮೊದಲ ವರ್ಷಗಳ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲೇ. ಆ ಸಂಘ ಇಂದಿಗೂ ಜೀವಂತವಾಗಿದೆ.

ಬಡತನ ಕಲಿಸಿದ ಅಡುಗೆ

ಇಂದಿನ ಸಿರಿಯನ್ನು ಕಂಡವರಿಗೆ ಲಾಂಗೆ ಒಮ್ಮೆ ಹಸಿದ ನಾಡಾಗಿತ್ತು ಎಂದರೆ ನಂಬುವುದು ಕಷ್ಟ. ಆಲ್ಬಾದ ಲೇಖಕ ಬೆಪ್ಪೆ ಫೆನೊಲ್ಯೊ 1954ರಲ್ಲಿ ಬರೆದ ‘ಲಾ ಮಲೋರಾ’ ಈ ಗುಡ್ಡಗಳ ಬಡ ಜೀತಗಾರರ ಬದುಕಿನ ಕತೆ. ಅಡುಗೆಯಲ್ಲೂ ಆ ನೆನಪು ಉಳಿದಿದೆ.

ಪ್ಲಿನ್ ಎಂಬ ಪುಟ್ಟ ಕಡುಬನ್ನೇ ನೋಡಿ. ಹಬ್ಬದ ಹುರಿದ ಮಾಂಸ ಮಿಕ್ಕಿದ್ದನ್ನು ಸೊಪ್ಪು, ಚೀಸ್, ಮೊಟ್ಟೆಯೊಡನೆ ನುಣ್ಣಗೆ ಅರೆಯುತ್ತಾರೆ. ಬೆಳಕು ತೂರುವಷ್ಟು ತೆಳುವಾಗಿ ಲಟ್ಟಿಸಿದ ಹಿಟ್ಟಿನ ಅಂಚಿನುದ್ದಕ್ಕೂ ಕಡಲೆಕಾಳಿನಷ್ಟು ಹೂರಣವನ್ನು ಸಾಲಾಗಿ ಇಟ್ಟು, ಹಿಟ್ಟನ್ನು ಅದರ ಮೇಲೆ ಮಡಿಸುತ್ತಾರೆ. ಆಮೇಲೆ ಎರಡು ಕೈಯ ಹೆಬ್ಬೆರಳು ತೋರುಬೆರಳುಗಳಿಂದ ಉಂಡೆ ಉಂಡೆಯ ನಡುವೆ ಚಿವುಟು, ಚಿವುಟು. ಹಲ್ಲುಚಕ್ರದಿಂದ ಕತ್ತರಿಸಿದಾಗ ಪ್ರತಿಯೊಂದೂ ಪುಟ್ಟ ಚೀಲವಾಗಿ ಕೂರುತ್ತದೆ. ಪ್ಲಿನ್ ಎಂದರೆ ಅಲ್ಲಿನ ಮಾತಿನಲ್ಲಿ ಚಿವುಟುವುದೇ.

ತಾಯರಿನ್ ಎಂಬ ಸಣ್ಣ ಶಾವಿಗೆ ಹಬ್ಬದ ಅಡುಗೆ. ಒಂದು ಕಿಲೊ ಹಿಟ್ಟಿಗೆ 30 ಮೊಟ್ಟೆಗಳ ಹಳದಿ ಹಾಕುವವರಿದ್ದಾರೆ. ಸಮುದ್ರವಿಲ್ಲದ ಈ ಸೀಮೆಯ ಹೆಮ್ಮೆಯ ಬಾನ್ಯಾ ಕೌದಾ ಮಾತ್ರ ಉಪ್ಪು ಹಾಕಿದ ಆಂಚೊವಿ ಮೀನು, ಬೆಳ್ಳುಳ್ಳಿ, ಆಲಿವ್ ಎಣ್ಣೆಯದು. ಮೀನು, ಎಣ್ಣೆ ಎರಡೂ ದಕ್ಷಿಣದ ಲಿಗೂರಿಯಾ ಕರಾವಳಿಯಿಂದ ಉಪ್ಪಿನ ಹಾದಿಯಲ್ಲಿ ಬಂದವು. ಕೊಯ್ಲು ಮುಗಿದ ಚಳಿಯ ಸಂಜೆ ಮಣ್ಣಿನ ಗಡಿಗೆಯ ಸುತ್ತ ಕುಳಿತು, ಹಸಿ ತರಕಾರಿಯನ್ನು ಅದರಲ್ಲಿ ಅದ್ದಿ ತಿನ್ನುವುದು ಪದ್ಧತಿ.

ಎರಡನೆಯ ಮಹಾಯುದ್ಧ ಮುಗಿದಾಗ ಕೋಕೋ ದುರ್ಲಭವಾಗಿತ್ತು, ಹೇಝಲ್‌ನಟ್ ಕೈಗೆಟಕುವಂತಿತ್ತು. 1946ರಲ್ಲಿ ಆಲ್ಬಾದ ಪಿಯೆತ್ರೊ ಫೆರೆರೊ ಕೋಕೋಗೆ ಅದನ್ನು ಬೆರೆಸಿ ಗಟ್ಟಿ ಮಿಠಾಯಿ ಮಾಡಿದರು. ಅದರ ಮುಂದಿನ ರೂಪವೇ 1964ರ ನ್ಯೂಟೆಲ್ಲಾ.

ಕಾಡಿನ ತುಂಡು, ನಾಯಿಯ ಮೂಗು

ಬಿಳಿ ಟ್ರಫಲ್ ಮರದ ಬೇರಿನೊಡನೆ ಕೊಡುಕೊಳೆಯಲ್ಲಿ ಬದುಕುವ ನೆಲದಡಿಯ ಶಿಲೀಂಧ್ರ. ಬೇರಿಗೆ ಇದು ನೀರು, ಖನಿಜ ಒದಗಿಸುತ್ತದೆ. ಮರ ಇದಕ್ಕೆ ಸಕ್ಕರೆ ಕೊಡುತ್ತದೆ. ಮಾಗಿದಾಗ ಹೊಮ್ಮುವ ಗಂಧವನ್ನು ಹಿಡಿಯಲು ನಾಯಿಯ ಮೂಗೇ ಬೇಕು. ಶರತ್ಕಾಲದ ರಾತ್ರಿಗಳಲ್ಲಿ ನಾಯಿಯೊಡನೆ ಹೊರಡುವವನಿಗೆ ತ್ರಿಫುಲಾವು ಎಂದು ಹೆಸರು. ನಾಯಿ ಕೆರೆದ ಕಡೆ ಅವನು ಚಿಕ್ಕ ಗುದ್ದಲಿಯಿಂದ ಬೇರು ನೋಯದಂತೆ ಮಣ್ಣು ಬಿಡಿಸಿ ಗಡ್ಡೆ ತೆಗೆಯುತ್ತಾನೆ, ಕುಳಿಯನ್ನು ಮತ್ತೆ ಮುಚ್ಚುತ್ತಾನೆ. ಮುಚ್ಚಿದರೆ ಮಾತ್ರ ಮುಂದಿನ ವರ್ಷದ ಆಸೆ. ಇಟಲಿಯ ಈ ಟ್ರಫಲ್ ಹುಡುಕುವ ವಿದ್ಯೆಗೆ 2021ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ಬೇಯಿಸಿದರೆ ಗಂಧ ಹಾರಿಹೋಗುವುದರಿಂದ ಬಿಸಿ ತಾಯರಿನ್ ಮೇಲೆ ಹಸಿಯಾಗಿಯೇ ತೆಳ್ಳಗೆ ತುರಿಯುತ್ತಾರೆ.

ಬಿಳಿ ಟ್ರಫಲ್ಲನ್ನು ತೋಟ ಮಾಡಿ ಬೆಳೆಸುವುದು ಬಹಳ ಕಷ್ಟ. ಹೀಗಾಗಿ ದುಬಾರಿ ದ್ರಾಕ್ಷಿಗಾಗಿ ಕಣಿವೆಯ ಒಂದೊಂದು ಮರ ಕಡಿದಾಗಲೂ ಅದರ ಮನೆ ಕಿರಿದಾಗುತ್ತದೆ. ಇತ್ತ ಬೇಸಿಗೆಯ ಕಾವು ಏರಿ ಕೊಯ್ಲು ಹಿಂದಿಗಿಂತ ಬೇಗ ಬರುತ್ತಿದೆ. ತಣ್ಣನೆಯದೆಂದು ಬಿಟ್ಟಿದ್ದ ಎತ್ತರದ ಜಾಗಗಳತ್ತ ಬೆಳೆಗಾರರ ಕಣ್ಣು ಹೊರಳಿದೆ. ನೆರಳಿನ ಮಗ್ಗುಲನ್ನು ಉಳಿಸಿಕೊಂಡಿದ್ದರಿಂದಲೇ ಬಿಸಿಲಿನ ಮಗ್ಗುಲಿಗೂ ಇಷ್ಟು ಕಾಲ ಬೆಲೆ ಬಂತು ಎಂಬುದನ್ನು ಲಾಂಗೆ ಮರೆಯಬಾರದು. ಅಲ್ಲಿಗೆ ಹೋಗುವವರು ಅಕ್ಟೋಬರ್ ಕೊನೆಯಲ್ಲಿ ಹೋಗಿ. ಮುಂಜಾನೆ ಮಂಜು ಸರಿಯುವವರೆಗೆ ಕಾದು, ಬಳ್ಳಿಯ ಸಾಲು ಎಲ್ಲಿ ನಿಲ್ಲುತ್ತದೆ, ಮರದ ಗುಂಪು ಎಲ್ಲಿ ಶುರುವಾಗುತ್ತದೆ ನೋಡಿ. ಹಿಂದಿನವರು ಹಿಮ ನೋಡಿ ಎಳೆದ ಗೆರೆ ಅದು.