ಗಟ್ಟಿಕಲ್ಲಿನ ನೆಲದಲ್ಲಿ ಕೆರೆ ನೀರು ಮತ್ತು ಬಾವಿ ನೀರು

ಬೆಂಗಳೂರು ದಂಡು ಪ್ರದೇಶದ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಿನಲ್ಲಿ ಸಾವಿರಾರು ಮೀನುಗಳು ಒಮ್ಮೆಗೇ ಸತ್ತು ದಡಕ್ಕೆ ಬಂದು ಬಿದ್ದವು. ಪಟ್ಟಣದ ಕೆರೆಯಲ್ಲಿ ಮೀನು ಸತ್ತರೆ ಹೊಸಕೋಟೆಯ ಅಥವಾ ಕೋಲಾರದ ರೈತನಿಗೆ ಏನಾಗಬೇಕು ಎಂದು ಕೇಳಬಹುದು. ಆದರೆ ಹಲಸೂರು ಕೆರೆಯ ಕೋಡಿಯಿಂದ ಹೊರಟ ನೀರು ಚಲ್ಲಘಟ್ಟ ಕಣಿವೆಯನ್ನು ಸೇರಿ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅದೇ ಕಣಿವೆಯ ಕೊಳಚೆ ನೀರು ಸಂಸ್ಕರಣೆಗೊಂಡು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಹೀಗಿರುವಾಗ ಪೂರ್ವ ಬೆಂಗಳೂರಿನ ಕೆರೆಗಳಲ್ಲಿ ಆಗುವುದನ್ನು ರೈತರು ಅರಿತಿರುವುದು ಅಗತ್ಯ.

ನೆಲದ ಅಡಿಯ ಕಲ್ಲು

ಶಿವಾಜಿನಗರ, ಹಲಸೂರು, ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ, ಅಲ್ಲಿಂದ ಹೊಸಕೋಟೆ, ಕೋಲಾರದವರೆಗೂ ನೆಲದಡಿ ಇರುವುದು ಬಹುಮಟ್ಟಿಗೆ ಒಂದೇ ಜಾತಿಯ ಕಲ್ಲು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಲಾಲ್‌ಬಾಗಿನ ಬಂಡೆಯೂ ಇದೇ ಕಲ್ಲಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಈ ಕಲ್ಲಿನ ಗುಣವೆಂದರೆ ಅದು ತನ್ನೊಳಗೆ ನೀರನ್ನು ಹಿಡಿಯುವುದಿಲ್ಲ. ಗಂಗಾ ಬಯಲಿನಲ್ಲಿ ನೂರಾರು ಅಡಿ ಆಳದವರೆಗೆ ಮರಳು ತುಂಬಿದ್ದು, ಮರಳಿನ ಕಣಗಳ ಮಧ್ಯೆ ನೀರು ನಿಲ್ಲುತ್ತದೆ. ನಮ್ಮ ನೆಲದಲ್ಲಿ ಅಂತಹ ಉಗ್ರಾಣವಿಲ್ಲ. ಬಿಸಿಲು, ಮಳೆ, ಬೇರುಗಳ ಕೆಲಸದಿಂದ ಮೇಲುಗಡೆಯ ಕಲ್ಲು ಸವೆದು, ಕೊಳೆತು, ಗರಸಾಗಿ ಮಾರ್ಪಟ್ಟಿರುವ ಒಂದು ಪದರವಿದೆ. ಇದು ಕೆಲವೆಡೆ ಹತ್ತಿಪ್ಪತ್ತು ಅಡಿ ಮಾತ್ರ, ಕೆಲವೆಡೆ ನೂರು ಅಡಿಯವರೆಗೂ ಇರುವುದುಂಟು. ಹಿಂದಿನವರು ತೋಡಿದ ತೆರೆದ ಬಾವಿಗಳೆಲ್ಲ ನಿಂತಿದ್ದುದು ಈ ಪದರದ ಮೇಲೆಯೇ. ಅದರ ಕೆಳಗೆ ಗಟ್ಟಿಕಲ್ಲು; ಕಲ್ಲು ಬಿರುಕು ಬಿಟ್ಟಿರುವೆಡೆ ಮಾತ್ರ ನೀರು ಹರಿಯುತ್ತದೆ. ಕೊಳವೆಬಾವಿಯ ಯಂತ್ರ ಬಿರುಕನ್ನು ತಾಕಿದರೆ ಗಂಗೆ, ತಪ್ಪಿದರೆ ಬರೀ ಕಲ್ಲಿನ ಪುಡಿ. ಪಕ್ಕದ ಹೊಲದವನಿಗೆ ಎರಡಿಂಚು ನೀರು ಬಂದು, ಇವನಿಗೆ ಹನಿಯೂ ಬಾರದಿರುವುದು ಹಣೆಬರಹದ ಮಾತಲ್ಲ, ಬಿರುಕಿನ ಮಾತು.

ಈ ಬಂಡೆಯನ್ನು ಅಲ್ಲಲ್ಲಿ ಕರಿಕಲ್ಲಿನ ಉದ್ದನೆಯ ಪಟ್ಟೆಗಳು ಸೀಳಿಕೊಂಡು ಹೋಗಿವೆ. ಡೊಲೆರೈಟ್ ಎಂಬ ಈ ಕಲ್ಲು ಕೆಲವೆಡೆ ನೆಲದಡಿಯ ಗೋಡೆಯಂತೆ ನಿಂತು ಮೇಲಿನಿಂದ ಬರುವ ನೀರನ್ನು ತಡೆಯುತ್ತದೆ. ಕೆಲವೆಡೆ ಅದರ ಅಂಚಿನಲ್ಲೇ ಕಲ್ಲು ಒಡೆದಿದ್ದು ನೀರಿಗೆ ದಾರಿಯಾಗಿರುತ್ತದೆ. ಆದುದರಿಂದ ಬಾವಿಗೆ ಜಾಗ ಗುರುತಿಸುವ ಮುನ್ನ ಭೂವಿಜ್ಞಾನಿಯ ಸಲಹೆ ಪಡೆಯುವುದು ಲೇಸು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ನಡೆಯುವವರನ್ನು ನಂಬಿ ಲಕ್ಷಾಂತರ ರೂಪಾಯಿ ಕಳೆದುಕೊಂಡವರು ಊರೂರಿಗೂ ಇದ್ದಾರೆ.

ಕೆರೆ ಇರುವುದು ಮೇಲೆ ಮಾತ್ರವಲ್ಲ

ಬಿದ್ದ ಮಳೆಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಇಂತಹ ನೆಲದಲ್ಲಿ ಒಳಗಿಳಿಯುತ್ತದೆ. ಉಳಿದುದು ಹರಿದುಹೋಗುತ್ತದೆ, ಇಲ್ಲವೆ ಆವಿಯಾಗುತ್ತದೆ. ಹರಿಯುವ ನೀರನ್ನು ಕೆಲವು ತಿಂಗಳು ನಿಲ್ಲಿಸಿ ಗರಸಿನ ಪದರಕ್ಕೆ ಇಳಿಸುವ ಕೆಲಸವನ್ನು ಕೆರೆ ಮಾಡುತ್ತದೆ. ತುಂಬಿದ ಕೆರೆಯ ಕೆಳಗಿನ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ಮೇಲೇರುವುದು ಪ್ರತಿಯೊಬ್ಬ ರೈತನಿಗೂ ತಿಳಿದ ಸಂಗತಿ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿದ್ದು, ಅದರ ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವದ ನೀರು ದಕ್ಷಿಣ ಪಿನಾಕಿನಿಗೂ ಹೋಗುತ್ತದೆ. ಪೂರ್ವದ ಇಳಿಜಾರಿನಲ್ಲಿ ಒಂದರ ಕೋಡಿ ಮತ್ತೊಂದಕ್ಕೆ ಬೀಳುವಂತೆ ಹಿಂದಿನವರು ಕೆರೆಗಳ ಸರಣಿಯನ್ನೇ ಕಟ್ಟಿದರು. ಹೆಬ್ಬಾಳ ಕಣಿವೆಯ ನೀರು ಕೃಷ್ಣರಾಜಪುರದ ಆಚೆ ಹಳೆ ಮದ್ರಾಸ್ ರಸ್ತೆಯ ಪಕ್ಕದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಬರುತ್ತದೆ. ಅದನ್ನು ಕಟ್ಟಿಸಲು ಹಣ ಕೊಟ್ಟವರು ಒಬ್ಬ ವೀಳ್ಯದೆಲೆ ವ್ಯಾಪಾರಿ.

ಕಾವೇರಿ ಮೊದಲ ಹಂತದ ನೀರು 1974ರಲ್ಲಿ ನಗರಕ್ಕೆ ಬಂದ ಮೇಲೆ ಈ ವ್ಯವಸ್ಥೆಯ ರೂಪವೇ ಬದಲಾಯಿತು. ಸುಮಾರು 100 ಕಿ.ಮೀ. ದೂರದಿಂದ ಮೇಲಕ್ಕೆತ್ತಿ ತಂದ ನೀರು ಮನೆಗಳಲ್ಲಿ ಬಳಕೆಯಾಗಿ, ರಾಜಕಾಲುವೆಗಳ ಮೂಲಕ ಪೂರ್ವದ ಕೆರೆಗಳಿಗೆ ಇಳಿಯತೊಡಗಿತು. ಕಾವೇರಿಯಿಂದ ತಂದ ನೀರು ಪಿನಾಕಿನಿಯಲ್ಲಿ ಹರಿಯಿತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆರೆಗಳು ವರ್ಷವಿಡೀ ತುಂಬಿದುವು, ಆದರೆ ತುಂಬಿದ್ದು ಮಳೆಯ ನೀರಿನಿಂದಲ್ಲ.

ಇದೇ ಕಾಲದಲ್ಲಿ ಕೆರೆಗಳ ಸುತ್ತ ಕಟ್ಟಡಗಳೆದ್ದು ಮಳೆ ಇಳಿಯುವ ನೆಲ ಮುಚ್ಚಿಹೋಯಿತು, ಕೊಳವೆಬಾವಿಗಳು ಹೆಚ್ಚಿದವು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವೆಂದು ಸರ್ಕಾರವೇ ಹೇಳಿತು.

ಮೀನು ಸಾಯುವುದೇಕೆ?

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಕಾಟ್ಲಾ, ರೋಹು ಮುಂತಾದ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ ಸುಮಾರು 5 ಮಿ.ಗ್ರಾಂ. ಆಮ್ಲಜನಕ ಬೇಕು. ಅದು 2ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಮೀನು ಬದುಕುವುದು ಕಷ್ಟ. ಕೊಳಚೆ ಬಿದ್ದ ಕೆರೆಯಲ್ಲಿ ಎರಡು ಕಡೆಯಿಂದ ಆಮ್ಲಜನಕಕ್ಕೆ ಕುತ್ತು ಬರುತ್ತದೆ. ಮಲಿನ ವಸ್ತುಗಳನ್ನು ಕೊಳೆಸುವ ಸೂಕ್ಷ್ಮಾಣುಗಳು ಅದನ್ನು ಬಳಸಿಕೊಳ್ಳುತ್ತವೆ. ಕೊಳಚೆಯ ಸಾರಜನಕ ಮತ್ತು ರಂಜಕವನ್ನುಂಡು ಸೊಕ್ಕಿ ಬೆಳೆದ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಬಿಟ್ಟರೂ ರಾತ್ರಿಯೆಲ್ಲ ತಾನೇ ಉಸಿರಾಡಿ ಅದನ್ನು ತೀರಿಸುತ್ತದೆ. ಆದುದರಿಂದಲೇ ಮೀನುಗಳು ಹೆಚ್ಚಾಗಿ ಸಾಯುವುದು ಬೆಳಗಿನ ಜಾವದಲ್ಲಿ. ಮೋಡ ಕವಿದ ದಿನಗಳಲ್ಲಿ, ಬೇಸಿಗೆಯ ಮೊದಲ ಮಳೆಗೆ ಚರಂಡಿಯ ಕಸವೆಲ್ಲ ಒಮ್ಮೆಗೇ ಕೊಚ್ಚಿಬಂದು ತಳದ ಕೆಸರು ಕದಡಿದಾಗ ಅಪಾಯ ಹೆಚ್ಚು.

ಮೀನು ಸಾಕುವ ರೈತರು ಮುಂಜಾನೆ ಕೆರೆಯ ಬಳಿ ಹೋಗಿ ನೋಡಬೇಕು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗಾಗಿ ಹಪಹಪಿಸುತ್ತಿದ್ದರೆ ಆಗಲೇ ತಡವಾಗಿದೆಯೆಂದೇ ತಿಳಿಯಬೇಕು. ಕೂಡಲೇ ಮೇವು, ಗೊಬ್ಬರ ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ ಗಾಳಿಯಾಡಿಸಬೇಕು. ಗೆಂಡೆಗಳು ಕಾಣೆಯಾಗಿ, ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕ್ಯಾಟ್‌ಫಿಷ್ ಮಾತ್ರ ಉಳಿದಿದ್ದರೆ ಆ ಕೆರೆಯ ನೀರು ಬಹಳ ದಿನಗಳಿಂದ ಕೆಟ್ಟಿದೆಯೆಂದು ಅರ್ಥ. ಪರೀಕ್ಷೆಯ ವರದಿ ಬರುವ ಮುನ್ನವೇ ಇದನ್ನು ಹೇಳುವ ಸಾಕ್ಷಿ ಮೀನು.

ಮೀನನ್ನು ತಿನ್ನುವ ಹಕ್ಕಿಗೂ ಇದರ ಪೆಟ್ಟು ತಪ್ಪದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 2017-18ರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡು ಹುಳುಗಳು ಕಂಡುಬಂದವು. ಇಂತಹ ಹುಳುವಿನ ಜೀವನಚಕ್ರ ಹೀಗಿರುತ್ತದೆ: ಹಕ್ಕಿಯ ಹಿಕ್ಕೆಯಲ್ಲಿ ಮೊಟ್ಟೆ ನೀರಿಗೆ ಬೀಳುತ್ತದೆ, ಮರಿಯನ್ನು ನೀರಿನ ಸೂಕ್ಷ್ಮ ಜೀವಿಗಳು ನುಂಗುತ್ತವೆ, ಅವುಗಳನ್ನು ಮೀನು, ಮೀನನ್ನು ಹಕ್ಕಿ. ಕೊಳಚೆಯಿಂದ ಕೊಬ್ಬಿದ ನೀರಿನಲ್ಲಿ ಆ ಸೂಕ್ಷ್ಮ ಜೀವಿಗಳು ವಿಪರೀತ ಹೆಚ್ಚುವುದರಿಂದ ಹುಳುವಿಗೆ ದಾರಿ ಸುಗಮವಾಗುತ್ತದೆ. ಹೆಜ್ಜಾರ್ಲೆ ಒಂದೇ ಕೆರೆಯನ್ನು ನಂಬಿದ ಹಕ್ಕಿಯಲ್ಲ, ಬಹುದೂರ ಹಾರಿ ಹಲವು ಕೆರೆಗಳಲ್ಲಿ ಮೇಯುತ್ತದೆ. ಊರಿನ ಕೆರೆಯ ಬಳಿ ಹಕ್ಕಿಗಳು ಗುಂಪಾಗಿ ಸತ್ತುದು ಕಂಡರೆ ಬರಿಗೈಯಲ್ಲಿ ಮುಟ್ಟದೆ ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. ಕೋಳಿ ಸಾಕಿದವರಿಗೆ ಇದು ಇನ್ನೂ ಮುಖ್ಯ.

ಕೋಲಾರಕ್ಕೆ ಹೋದ ನೀರು

ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೊಳವೆಗಳ ಮೂಲಕ ಕೋಲಾರದ ಕಡೆಗೆ ಹರಿಸಿ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಉದ್ದೇಶವಿತ್ತು. 2018ರ ಜೂನ್‌ನಲ್ಲಿ ನೀರು ಮೊದಲು ತಲುಪಿದ್ದು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ. ಮರು ತಿಂಗಳೇ ಅಲ್ಲಿ ನೊರೆ ಕಂಡು ಉಚ್ಚ ನ್ಯಾಯಾಲಯವು ನೀರು ಬಿಡುವುದನ್ನು ತಡೆಯಿತು. ನಂತರ ಅನುಮತಿ ದೊರೆತರೂ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆ ಬಂದು, ಕೆಲವು ತಿಂಗಳ ಬಳಿಕ ತೆರವಾಯಿತು. ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ಕಳುಹಿಸುವ ಮತ್ತೊಂದು ಯೋಜನೆಯೂ ಇದರ ಹಿಂದೆಯೇ ಬಂತು.

ವರ್ಷವಿಡೀ ಹರಿಯುವ ನದಿಯಿಲ್ಲದ, ಬಾವಿಗಳು ಸಾವಿರ ಅಡಿ ದಾಟಿದ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ತುಂಬಿದ ಕೆರೆಗಳ ಸುತ್ತ ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಂಡಿದೆ. ಆದರೆ ಈ ನೀರಿಗೆ ಆಗಿರುವುದು ಎರಡನೆಯ ಹಂತದ ಸಂಸ್ಕರಣೆ ಎಂಬುದನ್ನು ಮರೆಯಬಾರದು. ಕಸ, ಮರಳು, ತೇಲುವ ಕಣಗಳು ಮತ್ತು ಕೊಳೆಯುವ ವಸ್ತುಗಳ ಬಹುಪಾಲು ಇದರಲ್ಲಿ ಹೋಗುತ್ತವೆ. ಕರಗಿದ ಲವಣಗಳು ಹೋಗುವುದಿಲ್ಲ; ಸಾರಜನಕ, ರಂಜಕ ಸಾಕಷ್ಟು ಉಳಿಯುತ್ತವೆ. ಕೆರೆಯಿಂದ ಕೆಳಗಿಳಿಯುವಾಗ ಕೆಂಪುಮಣ್ಣು ರಂಜಕವನ್ನು ಹಿಡಿದುಕೊಳ್ಳುತ್ತದೆ, ರೋಗಾಣುಗಳನ್ನೂ ಬಹುಮಟ್ಟಿಗೆ ಸೋಸುತ್ತದೆ. ನೈಟ್ರೇಟನ್ನು ಮಾತ್ರ ಅದು ಹಿಡಿಯಲಾರದು. ಕಲ್ಲಿನ ಬಿರುಕು ನೇರವಾಗಿ ಕೆರೆಯ ತಳಕ್ಕೆ ತೆರೆದಿದ್ದರೆ ಸೋಸುವ ಮಾತೇ ಇಲ್ಲ. ಕೆರೆಗೆ ಪಂಪು ಇಟ್ಟು ನೇರವಾಗಿ ನೀರೆತ್ತಬಾರದೆಂಬ ಷರತ್ತಿನ ಹಿಂದೆ ಈ ವಿಚಾರವೂ ಇದೆ. ಅದನ್ನು ಮೀರಿದರೆ ಕೆಳಗಿನ ಬಾವಿಗೆ ನೀರೂ ತಪ್ಪುತ್ತದೆ, ಸೋಸುವಿಕೆಯೂ ತಪ್ಪುತ್ತದೆ.

ಈ ನೀರಿನಲ್ಲಿರುವ ಸಾರಜನಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಷ್ಟ ರೈತನಿಗೇ. ಉದಾಹರಣೆಗೆ, ಬಾವಿಯ ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂ. ಸಾರಜನಕವಿದ್ದು, ಹಂಗಾಮಿನಲ್ಲಿ ಒಟ್ಟು 50 ಸೆಂ.ಮೀ. ನೀರು ಹಾಯಿಸಿದರೆ ಹೆಕ್ಟೇರಿಗೆ 50 ಲಕ್ಷ ಲೀಟರ್ ನೀರಿನೊಡನೆ 100 ಕಿ.ಗ್ರಾಂ. ಸಾರಜನಕ ಬಿದ್ದಂತಾಯಿತು. ನೀರಾವರಿ ರಾಗಿಗೆ ಶಿಫಾರಸು ಮಾಡಿರುವುದೇ ಅಷ್ಟು. ಅದರ ಮೇಲೆ ಚೀಲಗಟ್ಟಲೆ ಯೂರಿಯಾ ಸುರಿದರೆ ರಾಗಿ ಮಲಗುತ್ತದೆ, ಟೊಮ್ಯಾಟೊ ಬರೀ ಎಲೆ ಬಿಡುತ್ತದೆ, ಉಳಿದುದು ಮತ್ತೆ ಬಾವಿಗೇ ಇಳಿಯುತ್ತದೆ.

ಕೊಳಚೆ ಬಿದ್ದ ಕೆರೆಗಳ ಹೂಳಿನ ವಿಷಯದಲ್ಲೂ ಎಚ್ಚರ ಬೇಕು. ಹಳ್ಳಿಯ ಕೆರೆಯ ಗೋಡು ಹೊಲಕ್ಕೆ ಬಂಗಾರವೆನ್ನುವ ಮಾತು ನಿಜ. ಕಾರ್ಖಾನೆಗಳ ನೀರು ಬಿದ್ದ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಂತಹ ಲೋಹಗಳು ಸೇರಿರಬಹುದು. ಸೊಪ್ಪಿನ ಬೆಳೆಗಳು ಇಂತಹ ಲೋಹಗಳನ್ನು ಕಾಳಿನ ಬೆಳೆಗಳಿಗಿಂತ ಹೆಚ್ಚಾಗಿ ಎಲೆಗೆ ತರುತ್ತವೆ.

ಆಳಕ್ಕೆ ಹೋದರೆ ಒಳ್ಳೆಯ ನೀರೇ?

ಮೇಲಿನ ನೀರು ಕೆಟ್ಟಿತೆಂದು ಇನ್ನೂ ಆಳಕ್ಕೆ ಕೊರೆಯುವವರಿದ್ದಾರೆ. ಆಳದ ನೀರು ತಿಳಿಯಾಗಿ ಕಾಣುತ್ತದೆ ನಿಜ. ಆದರೆ ಅದು ಕಲ್ಲಿನೊಡನೆ ಬಹುಕಾಲ ಕೂಡಿದ್ದು, ಕಲ್ಲಿನಲ್ಲಿರುವುದನ್ನೆಲ್ಲ ಕರಗಿಸಿಕೊಂಡಿರುತ್ತದೆ. ನೈಸ್ ಮತ್ತು ಗ್ರಾನೈಟ್‌ಗಳ ಅಭ್ರಕ ಮೊದಲಾದ ಖನಿಜಗಳಿಂದ ಫ್ಲೋರೈಡ್ ಬಿಡುಗಡೆಯಾಗುತ್ತದೆ. ಸುಣ್ಣದಂಶ ಕಡಿಮೆಯಿದ್ದು ಸೋಡಿಯಂ ಹೆಚ್ಚಿರುವ ನೀರಿನಲ್ಲಿ ಅದು ಇನ್ನಷ್ಟು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕಾದ, ಬೇರೆ ನೀರಿಲ್ಲದಾಗ ಮಾತ್ರ 1.5ರವರೆಗೆ ಸಹಿಸಬಹುದಾದ ಫ್ಲೋರೈಡ್ ಕೋಲಾರ, ಚಿಕ್ಕಬಳ್ಳಾಪುರಗಳ ಅನೇಕ ಹಳ್ಳಿಗಳಲ್ಲಿ ಇದನ್ನು ದಾಟಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ಇದರ ಗುರುತು. ದನಕರುಗಳ ಹಲ್ಲು, ಮೂಳೆಗಳಿಗೂ ಇದು ಕೆಡುಕು. ಪೂರ್ವ ಕರ್ನಾಟಕದ ಹಲವು ಕೊಳವೆಬಾವಿಗಳಲ್ಲಿ ಯುರೇನಿಯಂ ಅಂಶವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂಗಿಂತ ಹೆಚ್ಚಿರುವುದೂ ಸಂಶೋಧನೆಗಳಿಂದ ತಿಳಿದುಬಂದಿದೆ. ಹೀಗಾಗಿ ಮೇಲಿನ ಗರಸಿನ ಪದರವನ್ನು ಒಳ್ಳೆಯ ನೀರಿನಿಂದ ತುಂಬಿಸಿಕೊಳ್ಳುವುದಕ್ಕಿಂತ ಸುಲಭದ ದಾರಿ ಈ ನೆಲದಲ್ಲಿ ಬೇರೆಯಿಲ್ಲ.

ನೀರಿನ ಪರೀಕ್ಷೆ

ಕೆರೆ ತುಂಬಿದ ಊರುಗಳ ರೈತರು ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ನಂತರ ಒಮ್ಮೆ, ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು. ಪಂಪನ್ನು ಕಾಲು ಗಂಟೆ ಓಡಿಸಿ, ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ ಮುಚ್ಚಬೇಕು. ರೈತನ ಹೆಸರು, ಊರು, ಬಾವಿಯ ಆಳ, ಬೆಳೆ, ದಿನಾಂಕ ಬರೆದ ಚೀಟಿ ಅಂಟಿಸಿ ಆದಷ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಔಷಧಿ ಅಥವಾ ಕೀಟನಾಶಕದ ಬಾಟಲಿ ಎಷ್ಟು ತೊಳೆದರೂ ಬೇಡ. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಬೇಕು.

ವರದಿಯಲ್ಲಿ ವಿದ್ಯುತ್ ವಾಹಕತೆ 0.75 ಡೆಸಿಸೀಮನ್ಸ್ ಒಳಗಿದ್ದರೆ ನೀರಾವರಿಗೆ ತೊಂದರೆಯಿಲ್ಲ, 2.25 ದಾಟಿದರೆ ಸಾಮಾನ್ಯ ಬೆಳೆಗಳಿಗೆ ಒಗ್ಗದು. ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಕ್ಷೇಮ, 2.5 ಮೀರಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಆಗ ಜಿಪ್ಸಂ ಬಳಕೆಯ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಮೇಲೆ ನಿರ್ಧರಿಸಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮೀರಿದ ನೀರನ್ನು ಎಳೆಯ ಕೂಸುಗಳ ಹಾಲಿಗೆ ಬೆರೆಸಬಾರದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.