ಕೆರೆಗೆ ವಿಷ ಸುರಿದವರನ್ನು ಹಿಡಿಯುವವರು ಯಾರು?

ಶ್ರೀಗಂಧದ ಒಂದು ತುಂಡು ಅಕ್ರಮವಾಗಿ ಸಾಗಿದರೆ ಅದನ್ನು ತಡೆದು, ವಶಪಡಿಸಿಕೊಂಡು, ಸಾಗಿಸಿದವನನ್ನು ಬಂಧಿಸುವ ಅಧಿಕಾರ ನಮ್ಮ ಅರಣ್ಯಾಧಿಕಾರಿಗಳಿಗಿದೆ. ಹುಲಿಯ ಚರ್ಮದ ಜಾಡು ಹಿಡಿಯಲು ಕೇಂದ್ರದಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳವಿದೆ. ಆದರೆ ನಡುರಾತ್ರಿ ಟ್ಯಾಂಕರ್ ತಂದು ಊರ ಕೆರೆಗೆ ರಾಸಾಯನಿಕ ಸುರಿದು ಹೋದವನ ಬೆನ್ನು ಹತ್ತುವುದು ಯಾರ ಕೆಲಸ?

ಪರಿಸರ ವಿಜ್ಞಾನವನ್ನು ಬೋಧಿಸುವ ನನ್ನನ್ನು ಪ್ರತಿವರ್ಷ ಒಬ್ಬಿಬ್ಬರಾದರೂ ವಿದ್ಯಾರ್ಥಿಗಳು ಕೇಳುವುದುಂಟು: ಮಾಲಿನ್ಯದ ಅಪರಾಧಗಳನ್ನು ತನಿಖೆ ಮಾಡುವ ಕೆಲಸಕ್ಕೆ ಸೇರಲು ಏನು ಓದಬೇಕು? ಅಂಥ ಪ್ರತ್ಯೇಕ ಹುದ್ದೆಯೇ ನಮ್ಮಲ್ಲಿಲ್ಲ ಎಂಬುದು ನನ್ನ ಉತ್ತರ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 1974ರಿಂದ ಇದೆ. ಅದರ ಅಧಿಕಾರಿಗಳು ಕಾರ್ಖಾನೆಯನ್ನು ಪ್ರವೇಶಿಸಬಹುದು, ಮಾದರಿ ತೆಗೆಯಬಹುದು, ದಾಖಲೆ ವಶಪಡಿಸಿಕೊಳ್ಳಬಹುದು. ಆದರೆ ಸಮ್ಮತಿ ಪತ್ರದ ಕಡತ ನೋಡುವವರೂ ಅವರೇ, ತಪಾಸಣೆಗೆ ಹೋಗುವವರೂ ಅವರೇ, ಕೊನೆಗೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾದವರೂ ಅವರೇ. ಅಪರಾಧ ತನಿಖೆಯನ್ನೇ ವೃತ್ತಿಯಾಗಿ ಕಲಿತವರು ಅವರಲ್ಲ.

ಇದು ಸುಲಭದ ಕೆಲಸವೂ ಅಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಸೆಕ್ಷನ್ನನ್ನೇ ನೋಡಿ. ತ್ಯಾಜ್ಯನೀರಿನ ಮಾದರಿ ತೆಗೆಯುವ ಅಧಿಕಾರಿ ಅದನ್ನು ವಿಶ್ಲೇಷಣೆಗೆ ಕಳುಹಿಸುವುದಾಗಿ ಕಾರ್ಖಾನೆಯವರಿಗೆ ಸ್ಥಳದಲ್ಲೇ ನೋಟಿಸ್ ನೀಡಬೇಕು. ಅವರ ಸಮಕ್ಷಮದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಗುರುತು ಹಾಕಿ, ಮೊಹರು ಮಾಡಿ, ಇಬ್ಬರೂ ಸಹಿ ಹಾಕಬೇಕು. ಈ ವಿಧಿಗಳನ್ನು ಪಾಲಿಸದಿದ್ದರೆ ಪ್ರಯೋಗಾಲಯದ ವರದಿಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ನದಿ, ಕೆರೆಗಳಿಗೆ ಬಿಡುವ ತ್ಯಾಜ್ಯನೀರಿನ ಜೈವಿಕ ಆಮ್ಲಜನಕ ಬೇಡಿಕೆ ಸಾಮಾನ್ಯ ಮಾನದಂಡದಂತೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಅದರ ಹತ್ತು ಪಟ್ಟು ಇದ್ದರೂ, ಒಂದು ಸಹಿ ಇಲ್ಲದ ಕಾರಣಕ್ಕೆ ಮೊಕದ್ದಮೆ ಬಿದ್ದುಹೋಗಬಹುದು.

ಬಾಟಲಿಯ ನೀರು ಕಥೆಯ ಅರ್ಧ ಮಾತ್ರ. ಉಳಿದರ್ಧ ಕಾಗದಪತ್ರಗಳಲ್ಲಿರುತ್ತದೆ. ಶುದ್ಧೀಕರಣ ಘಟಕ ಹಗಲಿರುಳು ನಡೆಯುತ್ತಿದೆ ಎಂದು ಪುಸ್ತಕದಲ್ಲಿ ಬರೆದಿದ್ದು, ಅದರ ವಿದ್ಯುತ್ ಮೀಟರ್ ಮಾತ್ರ ಅಷ್ಟಾಗಿ ಓಡಿರದಿದ್ದರೆ ಏನರ್ಥ? ಅಪಾಯಕಾರಿ ತ್ಯಾಜ್ಯ ಸಾಗಿಸುವಾಗ 2016ರ ನಿಯಮಗಳಂತೆ ಏಳು ಪ್ರತಿಗಳ ಸಾಗಣೆ ದಾಖಲೆ ಇರಬೇಕು. ಕಳುಹಿಸಿದವರ ಪ್ರತಿಯಲ್ಲಿ ಹತ್ತು ಟನ್, ಪಡೆದವರ ಪ್ರತಿಯಲ್ಲಿ ಆರು ಟನ್ ಎಂದಿದ್ದರೆ ಉಳಿದ ನಾಲ್ಕು ಟನ್ ಎಲ್ಲಿ ಇಳಿಯಿತು? ಇದನ್ನು ಕೇಳಲು ರಸಾಯನವಿಜ್ಞಾನಿಯ ತಿಳಿವಳಿಕೆ ಬೇಕು, ಲೆಕ್ಕಪರಿಶೋಧಕನ ಕಣ್ಣು ಬೇಕು, ಪೊಲೀಸನ ತಾಳ್ಮೆಯೂ ಬೇಕು.

ಈ ಮೂರನ್ನೂ ಒಬ್ಬನಲ್ಲೇ ಬೆಳೆಸಲು ಸಾಧ್ಯವೇ ಎಂಬ ಅನುಮಾನಕ್ಕೆ ಅಮೆರಿಕದ ಅನುಭವ ಉತ್ತರ ನೀಡುತ್ತದೆ. ಅಲ್ಲಿನ ಒಕ್ಕೂಟ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ 1982ರಲ್ಲಿ ಅಪರಾಧ ತನಿಖಾಧಿಕಾರಿಗಳನ್ನು ನೇಮಿಸಿಕೊಂಡಿತು. 1988ರಲ್ಲಿ ಅವರಿಗೆ ಪೂರ್ಣ ಪ್ರಮಾಣದ ಪೊಲೀಸ್ ಅಧಿಕಾರ ದೊರೆಯಿತು. ಅಂಥ ಅಧಿಕಾರಿಗಳ ಸಂಖ್ಯೆ ಕನಿಷ್ಠ 200ಕ್ಕೆ ಏರಬೇಕೆಂದು 1990ರ ಕಾನೂನು ಕಡ್ಡಾಯ ಮಾಡಿತು. ರಾಜ್ಯಗಳೂ ಹಿಂದೆ ಬೀಳಲಿಲ್ಲ. ಕ್ಯಾಲಿಫೋರ್ನಿಯಾದ ವಿಷಕಾರಿ ವಸ್ತುಗಳ ನಿಯಂತ್ರಣ ಇಲಾಖೆಯಲ್ಲಿ ಪೊಲೀಸ್ ಅಧಿಕಾರವುಳ್ಳ ತನಿಖಾಧಿಕಾರಿಗಳೂ ವಿಜ್ಞಾನಿಗಳೂ ಜೊತೆಯಾಗಿ ಕೆಲಸ ಮಾಡುತ್ತಾರೆ.

ನಮ್ಮಲ್ಲಿ ಗಾಳಿ ಬೇರೆಯೇ ದಿಕ್ಕಿಗೆ ಬೀಸಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯನ್ನು ಉಲ್ಲಂಘಿಸಿದರೆ ಐದು ವರ್ಷಗಳವರೆಗೆ ಜೈಲು ಎಂದಿತ್ತು. 2023ರ ಜನವಿಶ್ವಾಸ ಕಾಯ್ದೆ ಅದನ್ನು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಇಳಿಸಿತು. 2024ರಲ್ಲಿ ಜಲ ಕಾಯ್ದೆಯ ಹಲವು ಅಪರಾಧಗಳಿಗೂ ಇದೇ ಮಾದರಿಯ ತಿದ್ದುಪಡಿ ಬಂತು. ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ತಕ್ಷಣದ ದಂಡ ಮೇಲು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ದಂಡ ವಿಧಿಸಲಾದರೂ ಪುರಾವೆ ಬೇಡವೇ? ತಪ್ಪಿತಸ್ಥ ಯಾರೆಂದೇ ತಿಳಿಯದಿದ್ದರೆ ನೋಟಿಸ್ ಕಳುಹಿಸುವುದು ಯಾವ ವಿಳಾಸಕ್ಕೆ?

ಗುರುತಿಸದೆ ಹೋದ ತಪ್ಪಿಗೆ ಬೆಲೆ ತೆರುವವರು ಯಾರೆಂಬುದನ್ನು ಬೆಳ್ಳಂದೂರು ಕೆರೆ ತೋರಿಸಿದೆ. 2015, 2017, 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ನಗರ ಪಾಲಿಕೆಗೆ 25 ಕೋಟಿ ರೂಪಾಯಿ ವಿಧಿಸಿತು. ಕೆರೆ ಸೇರಿದ್ದರಲ್ಲಿ ಹೆಚ್ಚಿನದು ಮನೆಗಳ ಕೊಳಚೆಯೇ ಇರಬಹುದು. ಆದರೆ ಅದರ ಮರೆಯಲ್ಲಿ ತಮ್ಮ ಪಾಲನ್ನೂ ಹರಿಯಬಿಟ್ಟವರು ನಿರಾಳವಾಗಿ ಉಳಿಯುತ್ತಾರೆ. ಹಣ ಮಾತ್ರ ತೆರಿಗೆದಾರನ ಜೇಬಿನದು.

ಇದಕ್ಕೆ ಬೇಕಾದ ಸಾಧನಗಳು ರಾಜ್ಯದಲ್ಲೇ ಇವೆ. ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿ ಇದೆ, ಬೆಂಗಳೂರಿನ ಮಡಿವಾಳದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಮಂಡಳಿಗೆ ತನ್ನದೇ ಪ್ರಯೋಗಾಲಯಗಳಿವೆ. ಸಮ್ಮತಿ ನೀಡುವ ವಿಭಾಗದಿಂದ ಬೇರ್ಪಟ್ಟ ಒಂದು ಸಣ್ಣ ತನಿಖಾ ದಳ ಕಟ್ಟಿ, ವಿಜ್ಞಾನ ಪದವೀಧರರಿಗೆ ಸಾಕ್ಷ್ಯದ ಕಾನೂನನ್ನೂ ವಿಚಾರಣೆಯ ಕ್ರಮವನ್ನೂ ಕಲಿಸಿದರೆ ಆರಂಭಕ್ಕೆ ಅಷ್ಟು ಸಾಕು. ಮೊದಲ ತಂಡಕ್ಕೆ ಇಪ್ಪತ್ತು ಮಂದಿ ಆಸಕ್ತರು ಸಿಗುವರೇ ಎಂದು ಸರ್ಕಾರ ಚಿಂತಿಸಬೇಕಿಲ್ಲ. ಅಷ್ಟು ಮಂದಿ ಈಗಾಗಲೇ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಹುದ್ದೆ ಸೃಷ್ಟಿಯಾಗುವುದಷ್ಟೇ ಬಾಕಿ.