ಕಂಗಿನ ಮರದ ಹಾರುವ ಓತಿ: ನೋಡಿ, ಹಿಡಿಯಬೇಡಿ

ಕಳೆದ ವಾರ ತೋಟಕ್ಕೆ ನೀರು ಬಿಡ್ಲಿಕ್ಕೆ ಹೋದಾಗ ನೆರೆಮನೆಯ ಇಬ್ಬರು ಹುಡುಗರು ಮೊಬೈಲ್ ಹಿಡಿದು ನಿಂತಿದ್ದರು. ಒಬ್ಬನ ಮುಷ್ಟಿಯಲ್ಲಿ ಹಾರುವ ಓತಿ. ಅದನ್ನು ಮೇಲಕ್ಕೆ ಎಸೆದು, ರೆಕ್ಕೆ ಬಿಚ್ಚುವುದನ್ನು ರೀಲ್ಸ್ ಮಾಡುವ ಅಂದಾಜು. ನಾಲ್ಕನೇ ಸಲ ಎಸೆದಾಗ ಅದು ರೆಕ್ಕೆ ಬಿಚ್ಚಲೇ ಇಲ್ಲ, ಹಾಗೇ ನೆಲಕ್ಕೆ ಬಿತ್ತು. ಬೈಯುವ ಯೋಗ್ಯತೆ ನನಗಿಲ್ಲ, ಸಣ್ಣವನಿದ್ದಾಗ ನಾನೂ ಇದಕ್ಕೆ ಕಲ್ಲು ಹೊಡೆದವನೇ. ಹಾಗಾಗಿ ಕೊಳೆರೋಗದ ಮದ್ದಿನ ವಿಷಯ ಮುಂದಿನ ವಾರಕ್ಕಿರಲಿ.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದು ಕಾಡು ಸುತ್ತಿ ಹುಡುಕಬೇಕಾದ ಪ್ರಾಣಿ. ಪುತ್ತೂರು, ಸುಳ್ಯ, ಕಡಬದ ನಮಗೆ ಮನೆ ಕೆಳಗಿನ ತೋಟದಲ್ಲೇ ಉಂಟು. ವೈಜ್ಞಾನಿಕ ಹೆಸರು ಡ್ರಾಕೋ ಡುಸ್ಸುಮಿಯೆರಿ. ದಕ್ಷಿಣ ಭಾರತದಲ್ಲಿರುವ ಹಾರುವ ಓತಿ ಇದೊಂದೇ ಜಾತಿ. ಬಾಲ ಸೇರಿ ಹೆಚ್ಚುಕಡಿಮೆ ಒಂದು ಗೇಣು ಉದ್ದ. ಸುಮ್ಮನೆ ಕೂತರೆ ಕಂಗಿನ ಕಾಂಡದ ಬೂದು ಕಲೆಯ ಹಾಗೇ ಕಾಣುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಗಂಡು ಗಂಟಲಿನ ಹಳದಿ ಪಟ್ಟಿಯನ್ನು ಬಿಚ್ಚಿ ಮಡಚುವಾಗ ಮಾತ್ರ ಗೊತ್ತಾಗುವುದು. ಹಾರುವಾಗ ರೆಕ್ಕೆಯ ಬಣ್ಣ ಒಮ್ಮೆ ಮಿಂಚಿ ಮಾಯ.

ಆ ರೆಕ್ಕೆ ಎಂತದ್ದು ಗೊತ್ತುಂಟಾ? ಹಕ್ಕಿಯದ್ದರ ಹಾಗೆ ಕೈ ಅಲ್ಲ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಚರ್ಮ, ಕೊಡೆಯ ಕಡ್ಡಿ ಮತ್ತು ಬಟ್ಟೆಯ ಹಾಗೆ. ಮರದಿಂದ ಹಾರಿದ ಮೇಲೆ ಮುಂಗಾಲುಗಳಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ ಅಂತ ಜರ್ಮನಿಯ ಸಂಶೋಧಕರೊಬ್ಬರು ನಮ್ಮ ಇದೇ ಜಾತಿಯನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದರು. ಅಂದರೆ ಮುಷ್ಟಿಯಲ್ಲಿ ಅಮುಕಿದಾಗ ನೀವು ಅಮುಕುವುದು ಅದರ ರೆಕ್ಕೆಯ ಎಲುಬನ್ನೇ. ಎಲುಬು ಮುರಿದರೆ ಹಾರಾಟ ಮುಗಿಯಿತು. ವಿಷ ಇಲ್ಲ ಮಾರಾಯ್ರೆ, ಹೊಡೆದು ಕೊಲ್ಲುವ ಅಗತ್ಯವೂ ಇಲ್ಲ.

ಇದರ ಮುಖ್ಯ ಆಹಾರ ಇರುವೆ. ಅಡಿಕೆಯ ಫಸಲು ಇದರಿಂದ ಹೆಚ್ಚಾಗುತ್ತದೆ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾದೀತು. ಆದರೆ ಹಿಟ್ಟು ತಿಗಣೆಯನ್ನು ಸಾಕುವ ಇರುವೆಗಳು ಉಂಟಲ್ಲ, ಅವನ್ನು ಖರ್ಚಿಲ್ಲದೆ ತಿನ್ನುವವರು ಇದ್ದರೆ ನಮಗೇನು ನಷ್ಟ? ಅಡಿಕೆಗಂತೂ ಇದು ಬಾಯಿ ಹಾಕುವುದಿಲ್ಲ. ಮರ ಹತ್ತುವವರಿಗೆ ಚಿಗಳಿ ಕಚ್ಚುತ್ತದೆ ಅಂತ ಇಡೀ ತೋಟಕ್ಕೆ ಇರುವೆ ಪುಡಿ ಉದುರಿಸುವವರಿದ್ದಾರೆ. ತೊಂದರೆ ಇರುವ ಮರದಲ್ಲಿ ಗೂಡು ಮಾತ್ರ ತೆಗೆಸಿ, ಸಾಕು.

ಇನ್ನೊಂದು, ಮೊಟ್ಟೆ. ಜೀವನವೆಲ್ಲ ಮರದ ಮೇಲೇ ಕಳೆಯುವ ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆ ಇಡ್ಲಿಕ್ಕೆ. ಮೂತಿಯಿಂದ ಮಣ್ಣಲ್ಲಿ ಸಣ್ಣ ಗುಂಡಿ ಮಾಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಬುಡ ಬಿಡಿಸುವಾಗ ಸಣ್ಣ ಬಿಳಿ ಮೊಟ್ಟೆಗಳು ಕಂಡರೆ ಮಗುಚಬೇಡಿ, ಹೇಗಿದೆಯೋ ಹಾಗೇ ಮಣ್ಣು ಮುಚ್ಚಿಬಿಡಿ. ತೋಟದ ಒಂದು ಮೂಲೆಯನ್ನಾದರೂ ಕೆತ್ತದೆ, ಕಳೆನಾಶಕ ಹೊಡೆಯದೆ ಸೋಗೆ ಹಾಸಿ ಬಿಟ್ಟರೆ ಒಳ್ಳೆಯದು.

ಅಳಿವಿನಂಚಿನ ಪ್ರಾಣಿ ಇದಲ್ಲ, ನಿಜ. ನನಗಿರುವ ಹೆದರಿಕೆ ಬೇರೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಹೋದವು, ಈಗ ಎಲೆಚುಕ್ಕಿ. ಕಂಗು ಕಡಿದು ಬೇರೆ ಬೆಳೆ ಹಾಕುವವರನ್ನು ತಪ್ಪು ಅನ್ನುವ ಹಾಗಿಲ್ಲ, ಹೊಟ್ಟೆಪಾಡು. ಕಡಿಯುವುದೇ ಆದರೆ ಬರೆಯ ಬದಿಯ ಹಲಸು, ಮಾವು, ಕಾಟು ಮರಗಳನ್ನು ಬಿಡಿ. ಒಂದು ಮರದಿಂದ ಇನ್ನೊಂದಕ್ಕೆ ತೇಲುವ ಪ್ರಾಣಿಗೆ ನಡುವೆ ಬಯಲಾದರೆ ದಾರಿಯೇ ಇಲ್ಲ.

ವಿಡಿಯೋ ಬೇಕಿದ್ದರೆ ಬೆಳಗ್ಗೆ ಬಿಸಿಲು ಏರುವಾಗ ಕಂಗಿನ ಬುಡದಿಂದ ನಾಲ್ಕು ಮಾರು ದೂರ ಕೂತು ಕಾಯಿರಿ, ತಾನಾಗಿ ಹಾರುತ್ತದೆ. ಫೋಟೋವನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ನಮ್ಮ ಊರಿನಲ್ಲೂ ಇದು ಇದೆ ಅಂತ ದಾಖಲೆಯಾಗುತ್ತದೆ.

ಹುಡುಗರು ಎಸೆದದ್ದನ್ನು ಎತ್ತಿ ಕಾಂಡಕ್ಕೆ ಬಿಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿದ್ದು ಮೆಲ್ಲ ಮೇಲೆ ಹತ್ತಿತು. ಹಾರಿದ್ದನ್ನು ನಾನು ನೋಡಲಿಲ್ಲ.